ಗ್ರಾಮದ ಜೀವಿದಾಖಲೆಯಲ್ಲಿ ಸಾಕ್ಷಿಗಳ ಹೆಸರಿನ ಶುದ್ಧಿ

ಪಹಣಿಯಲ್ಲಿ ಹೆಸರು ತಪ್ಪಿದರೆ ಆಗುವ ಹಾನಿಯನ್ನು ಗ್ರಾಮದ ಗೌಡರಿಗೂ ಜಮೀನುದಾರರಿಗೂ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ತಂದೆಯ ಹೆಸರಿನಲ್ಲಿ ಒಂದಕ್ಷರ ಬಿಟ್ಟುಹೋದುದರಿಂದ ಬೆಳೆವಿಮೆಯ ಹಣವು ನಿಂತುಹೋದುದನ್ನೂ, ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬನ ಹೊಲವು ಮತ್ತೊಬ್ಬನ ಖಾತೆಗೆ ಸೇರಿ ಇಬ್ಬರೂ ವರುಷಗಟ್ಟಲೆ ಕಚೇರಿಗೆ ಅಲೆದುದನ್ನೂ ಕಾಣದ ಊರು ವಿರಳವೆಂದೇ ಹೇಳಬೇಕು. ಆದುದರಿಂದ ಭೂಮಿಯ ದಾಖಲೆಯಲ್ಲಿ ಹೆಸರಿನ ವಿಷಯಕ್ಕೆ ನಾವೆಲ್ಲರೂ ಕಣ್ಣಿನಲ್ಲಿ ಕಣ್ಣಿಟ್ಟು ಇರುವೆವು. ಆದರೆ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಇರಬೇಕಾದ ಇನ್ನೊಂದು ದಾಖಲೆಯುಂಟು. ಅದರಲ್ಲಿ ಬರೆದ ಹೆಸರುಗಳನ್ನು ಒಮ್ಮೆಯಾದರೂ ಓದಿ ನೋಡಿದವರು ಬಹಳ ಕಡಿಮೆ. ಆ ದಾಖಲೆಯ ಹೆಸರುಗಳನ್ನು ಶುದ್ಧಿ ಮಾಡುವ ಹೊಣೆ ಊರಿನ ಹಿರಿಯರದೇ ಹೊರತು ದೂರದ ಕಚೇರಿಯವರದಲ್ಲವೆಂಬುದನ್ನು ವಾಚಕ ಮಹಾಶಯರ ಮುಂದೆ ಇಡುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ನಾವು ಹೇಳುತ್ತಿರುವುದು ಜನತಾ ಜೀವವೈವಿಧ್ಯ ದಾಖಲಾತಿಯನ್ನು. ೨೦೦೨ನೆಯ ಇಸವಿಯ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯೊಂದನ್ನು ರಚಿಸಿಕೊಂಡು, ತನ್ನ ಎಲ್ಲೆಯೊಳಗಿನ ಗಿಡಮರ, ಪಶುಪಕ್ಷಿ, ನಾಟಿ ಬೀಜ, ಔಷಧಿಮೂಲಿಕೆಗಳ ವಿವರವನ್ನೂ, ಅವುಗಳ ಬಗ್ಗೆ ಊರಿನವರಿಗಿರುವ ತಿಳಿವಳಿಕೆಯನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಅನೇಕ ಕಡೆ ಈ ಕೆಲಸವು ಹಿಂದೆ ಬಿದ್ದುದರಿಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೨೦ನೆಯ ಜನವರಿ ೩೧ರೊಳಗೆ ಎಲ್ಲೆಡೆಯೂ ಇದನ್ನು ಮುಗಿಸಬೇಕೆಂದು ಗಡುವು ಹಾಕಿ, ತಪ್ಪಿದ ರಾಜ್ಯಗಳು ತಿಂಗಳಿಗೆ ಹತ್ತು ಲಕ್ಷ ರೂಪಾಯಿ ತೆರಬೇಕೆಂದು ವಿಧಿಸಿತು. ಗಡುವಿನ ಕೆಲಸ ಹೇಗಿರುವುದೆಂಬುದು ಎಲ್ಲರಿಗೂ ಗೊತ್ತು. ಅವಸರದಲ್ಲಿ ತುಂಬಿದ ಪುಸ್ತಕದಲ್ಲಿ ಗಿಡದ ಹೆಸರು ಸರಿಯಿದ್ದರೂ, ಹೇಳಿದವನ ಹೆಸರು ಸರಿಯಿರುವುದೆಂದು ನಂಬುವಂತಿಲ್ಲ.

ಈ ತೊಡಕು ಎರಡು ಬಗೆಯದು. ಒಬ್ಬನೇ ಮನುಷ್ಯನು ಇಬ್ಬರು ಮೂವರಾಗಿ ಬರೆಯಲ್ಪಡುವುದು ಒಂದು. ಇಬ್ಬರು ಬೇರೆ ಬೇರೆ ಮನುಷ್ಯರು ಒಬ್ಬನೇ ಆಗಿಹೋಗುವುದು, ಅಥವಾ ಒಬ್ಬನು ಕಂಡದ್ದು ಇನ್ನೊಬ್ಬನ ಹೆಸರಿಗೆ ಬೀಳುವುದು ಮತ್ತೊಂದು. ನಮ್ಮ ಗಾಣಗಾಪುರದ ಸೀಮೆಯಲ್ಲಿ ಇವೆರಡಕ್ಕೂ ಅವಕಾಶ ಹೆಚ್ಚು. ಭೀಮಾ ಅಮರಜಾ ನದಿಗಳ ಸಂಗಮದ ಈ ದತ್ತಕ್ಷೇತ್ರದ ಸುತ್ತಮುತ್ತ ದತ್ತಪ್ಪ, ದತ್ತು, ದತ್ತಾತ್ರೇಯ, ಗುರುನಾಥ, ನರಸಿಂಹ ಎಂಬ ಹೆಸರುಗಳು ಓಣಿಗೆ ನಾಲ್ಕು ಸಿಕ್ಕುವುವು. ಕಲಬುರಗಿಯ ಶರಣಬಸವೇಶ್ವರರ ಮೇಲಿನ ಭಕ್ತಿಯಿಂದ ಶರಣಪ್ಪ, ಶರಣಬಸಪ್ಪರೂ, ಬಂದೇನವಾಜರ ದರ್ಗೆಯ ಮೇಲಿನ ಭಕ್ತಿಯಿಂದ ಬಂದೇನವಾಜ ಎಂಬುವವರೂ ಅಫಜಲಪುರ, ಆಳಂದ, ಜೇವರ್ಗಿ ಮೂರು ತಾಲೂಕುಗಳಲ್ಲಿಯೂ ತುಂಬಿರುವರು. ಗಡಿನಾಡಾದುದರಿಂದ ಒಂದೇ ಹೆಸರನ್ನು ಕನ್ನಡದವರು ಒಂದು ಬಗೆಯಾಗಿ, ಮರಾಠಿಯವರು ಮತ್ತೊಂದು ಬಗೆಯಾಗಿ, ಉರ್ದುವಿನವರು ಇನ್ನೊಂದು ಬಗೆಯಾಗಿ ಬರೆಯುವುದುಂಟು. ಇವೆಲ್ಲವೂ ಇಂಗ್ಲಿಷ್ ಅಕ್ಷರಕ್ಕೆ ಇಳಿದಾಗ ಗುರುತು ಸಿಕ್ಕುವುದೇ ಕಷ್ಟ. ಹೆಣ್ಣುಮಕ್ಕಳ ವಿಷಯವಂತೂ ಇನ್ನೂ ಸೂಕ್ಷ್ಮ. ತವರಿನಲ್ಲಿ ತಂದೆಯ ಹೆಸರಿನೊಡನೆಯೂ, ಗಂಡನ ಮನೆಯಲ್ಲಿ ಗಂಡನ ಹೆಸರಿನೊಡನೆಯೂ ಬರೆಯಲ್ಪಟ್ಟ ಒಬ್ಬಳೇ ಸೂಲಗಿತ್ತಿಯು ಎರಡು ಪಂಚಾಯಿತಿಗಳ ಪುಸ್ತಕದಲ್ಲಿ ಇಬ್ಬರಾಗಿ ನಿಲ್ಲುವಳು.

ಊರಿನ ಹೆಸರೂ ಇದಕ್ಕೆ ಹೊರತಲ್ಲ. ಗಾಣಗಾಪುರ, ದೇವಲ ಗಾಣಗಾಪುರ, ಗಂಗಾಪುರ ಎಂದು ಮೂರು ವಿಧವಾಗಿ ಬರೆಯುವವರಿರುವರು. ಗಂಗಾಪುರವೆಂದರೆ ಮಹಾರಾಷ್ಟ್ರದಲ್ಲಿ ಒಂದು ತಾಲೂಕು ಉಂಟು. ನಾಶಿಕದ ಬಳಿಯಲ್ಲಿ ಅದೇ ಹೆಸರಿನ ಜಲಾಶಯವೂ ಉಂಟು. ‘ದತ್ತಾತ್ರೇಯ, ಗಂಗಾಪುರ’ ಎಂದಷ್ಟೇ ಬರೆದಿದ್ದರೆ ಭೀಮಾತೀರದ ಕಲ್ಲಂಗಡಿ ಬೆಳೆಗಾರನು ಕಂಡ ಹಕ್ಕಿಯು ನಾಶಿಕದ ನೀರಿನಲ್ಲಿ ಈಜಾಡುವುದು ಏನೂ ಆಶ್ಚರ್ಯವಲ್ಲ.

ಎರಡನೆಯ ಬಗೆಯ ತಪ್ಪಿನಲ್ಲಿ ತಪ್ಪಿನ ಜೊತೆಗೆ ಅನ್ಯಾಯವೂ ಸೇರಿರುತ್ತದೆ. ಎರೆಹೊಲದ ಬದುವಿನಲ್ಲಿ ಕುರಿ ಕಾಯುವವನು ಅಪರೂಪದ ಹಕ್ಕಿಯೊಂದನ್ನು ಕಾಣುವನೆಂದು ಭಾವಿಸೋಣ. ಅದು ಎಲ್ಲಿ ಮೊಟ್ಟೆಯಿಡುವುದು, ಯಾವ ಮಾಸದಲ್ಲಿ ಬರುವುದು ಎಂಬುದೆಲ್ಲ ಅವನ ಮೂವತ್ತು ವರುಷದ ಅನುಭವ. ಊರಿನ ಓದುಬರಹ ಬಲ್ಲ ಹುಡುಗನು ತನ್ನ ಮೊಬೈಲು ಫೋನಿನಲ್ಲಿ ಅದರ ಚಿತ್ರ ಹಿಡಿದು ಕಳಿಸುವನು. ದಾಖಲೆಯು ಆ ಹುಡುಗನ ಹೆಸರಿನಲ್ಲಿ ನಿಲ್ಲುವುದು. ಇಲ್ಲವೇ ಶಾಲೆಯ ಮಾಸ್ತರರು ಊರಿನವರೆಲ್ಲರ ಮಾತನ್ನೂ ತಾವೇ ಕೂತು ಬರೆದುಕೊಟ್ಟಿರುವರು. ಇನ್ನೂರು ನಮೂದುಗಳ ಕೆಳಗೂ ಅವರದೊಂದೇ ಹೆಸರು. ಕೈ ಕೆಸರಾದವನೊಬ್ಬ, ಬಾಯಿ ಮೊಸರಾದವನು ಮತ್ತೊಬ್ಬ ಎಂಬಂತಾಯಿತು. ಮಾಸ್ತರರಿಗಾಗಲಿ ಹುಡುಗನಿಗಾಗಲಿ ಕೆಟ್ಟ ಬುದ್ಧಿಯಿಲ್ಲ. ಆದರೆ ಮುಂದೆ ಯಾರಾದರೂ ಬಂದು ‘ಈ ಸಂಗತಿಯನ್ನು ಬಲ್ಲವರು ಯಾರು?’ ಎಂದು ಕೇಳಿದಾಗ, ಬಲ್ಲವನ ಮನೆಗೆ ದಾರಿ ತೋರಿಸುವ ಗುರುತೇ ಪುಸ್ತಕದಲ್ಲಿ ಇರುವುದಿಲ್ಲ. ಜೀವಿಗಳಿಂದಲೂ ಅವುಗಳ ತಿಳಿವಳಿಕೆಯಿಂದಲೂ ವ್ಯಾಪಾರದ ಲಾಭ ಬಂದರೆ ಅದರಲ್ಲಿ ನ್ಯಾಯವಾದ ಪಾಲು ಊರಿಗೂ ತಿಳಿವಳಿಕೆಯುಳ್ಳವರಿಗೂ ಸಲ್ಲಬೇಕೆಂಬುದು ಈ ಕಾಯಿದೆಯ ಮುಖ್ಯ ತತ್ವಗಳಲ್ಲೊಂದು. ಹೆಸರೇ ತಪ್ಪಿದ ಮೇಲೆ ಪಾಲು ಯಾರಿಗೆ?

‘ಹಕ್ಕಿ ಮುಖ್ಯವೋ, ಕಂಡವನ ಹೆಸರು ಮುಖ್ಯವೋ? ಹುಳ ಇದ್ದದ್ದು ನಿಜವಾದರೆ ಸಾಲದೇ?’ ಎಂದು ಕೆಲವರು ಆಕ್ಷೇಪಿಸಬಹುದು. ಸಾಲದು. ಸಾಕ್ಷಿ ಎಷ್ಟು ಮಂದಿಯೆಂಬುದರ ಮೇಲೆಯೇ ಸಂಗತಿಯ ತೂಕ ನಿಲ್ಲುವುದು. ಗೋವಿನಜೋಳಕ್ಕೆ ಬೀಳುವ ಫಾಲ್ ಸೈನಿಕ ಹುಳುವು ೨೦೧೮ರಲ್ಲಿ ಭಾರತದಲ್ಲಿಯೇ ಮೊದಲು ನಮ್ಮ ಕರ್ನಾಟಕದ ಶಿವಮೊಗ್ಗದ ಕಡೆ ಗುರುತಿಸಲ್ಪಟ್ಟಿತು. ಅಂಥದೊಂದು ಹೊಸ ಕೀಟವು ನಾಳೆ ಆಳಂದದ ಒಂದು ಊರಿನಲ್ಲಿಯೂ ಜೇವರ್ಗಿಯ ಒಂದು ಊರಿನಲ್ಲಿಯೂ ಬೇರೆ ಬೇರೆ ಇಬ್ಬರು ಶರಣಪ್ಪಂದಿರ ತೊಗರಿ ಹೊಲದಲ್ಲಿ ಕಂಡಿತೆನ್ನೋಣ. ಇಬ್ಬರನ್ನೂ ಒಬ್ಬನೆಂದು ಎಣಿಸಿದರೆ, ಎರಡು ತಾಲೂಕಿಗೆ ಹಬ್ಬಿದ ಪಿಡುಗು ಒಂದೇ ಹೊಲದ ತೊಂದರೆಯಾಗಿ ತೋರುವುದು. ಔಷಧವು ತಡವಾಗಿ ಬರುವುದು. ಇದಕ್ಕೆ ವಿರುದ್ಧವಾಗಿ, ಒಬ್ಬನೇ ದತ್ತಪ್ಪನು ಮೂರು ಬರೆಹಗಳಲ್ಲಿ ಮೂವರಾಗಿ ನಿಂತರೆ, ಒಂದೇ ಹಕ್ಕಿಯು ಮೂರಾಗಿ ತೋರುವುದು. ನಮ್ಮ ಎರೆಸೀಮೆಯ ಹಿರಿಯರು ಎರೆಭೂತವೆಂದು ಕರೆಯುತ್ತಿದ್ದ ದೊಡ್ಡ ಹಕ್ಕಿಯು ಇಂದು ದೇಶದಲ್ಲಿಯೇ ಅತ್ಯಂತ ವಿರಳವಾಗಿಹೋಗಿದೆ. ಗಡಿಯಾಚೆ ಸೋಲಾಪುರ ಜಿಲ್ಲೆಯ ನಾನ್ನಜದಲ್ಲಿ ೧೯೭೯ರಲ್ಲಿಯೇ ಅದಕ್ಕಾಗಿ ಅಭಯಾರಣ್ಯವನ್ನು ಮಾಡಿದ್ದರು. ಇಂಥ ಹಕ್ಕಿಯ ಲೆಕ್ಕದಲ್ಲಿ ಒಂದು ಮೂರಾಗುವುದು ಸಣ್ಣ ತಪ್ಪಲ್ಲ.

ಹೆಸರು ತಪ್ಪಿದರೆ ಜನರು ಹುಡುಕುವ ದಾರಿಯೇ ತಪ್ಪುವುದೆಂಬುದಕ್ಕೆ ನೆರೆಯ ಮಹಾರಾಷ್ಟ್ರದ ಸಂಗತಿಯೊಂದು ಸಾಕ್ಷಿಯಾಗಿದೆ. ಹಾಲಕ್ಕಿಯ ಬಳಗಕ್ಕೆ ಸೇರಿದ, ಫಾರೆಸ್ಟ್ ಔಲೆಟ್ ಎಂದು ಇಂಗ್ಲಿಷಿನಲ್ಲಿ ಹೆಸರುಳ್ಳ ಸಣ್ಣ ಅಡವಿಗೂಬೆಯೊಂದು ೧೮೮೪ರ ತರುವಾಯ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರಿಚರ್ಡ್ ಮೈನರ್ಟ್‌ಝಾಗನ್ ಎಂಬ ಇಂಗ್ಲಿಷ್ ಸೇನಾಧಿಕಾರಿಯು ಮಾತ್ರ ೧೯೧೪ರಲ್ಲಿ ಗುಜರಾತಿನ ಮಾಂಡವಿಯ ಹತ್ತಿರ ತಾನು ಅದನ್ನು ಹಿಡಿದೆನೆಂದು ಚೀಟಿ ಕಟ್ಟಿದ ಹಕ್ಕಿಯೊಂದನ್ನು ತನ್ನ ಸಂಗ್ರಹದಲ್ಲಿ ಇಟ್ಟುಕೊಂಡಿದ್ದನು. ಅವನು ಹೆಸರುವಾಸಿಯಾದ ಮನುಷ್ಯ. ಅವನ ಮಾತನ್ನು ನಂಬಿದರು. ಆದರೆ ೧೯೯೦ರ ದಶಕದಲ್ಲಿ ವಿದ್ವಾಂಸರು ಅವನ ಸಂಗ್ರಹವನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಅನೇಕ ಹಕ್ಕಿಗಳು ಇತರರು ಹಿಡಿದವೆಂದೂ, ಅವುಗಳಿಗೆ ಅವನು ತನ್ನ ಹೆಸರನ್ನೂ ಸುಳ್ಳು ಸ್ಥಳವನ್ನೂ ಹಚ್ಚಿದ್ದನೆಂದೂ ಹೊರಬಿದ್ದಿತು. ಮಾಂಡವಿಯ ಗೂಬೆಯು ವಾಸ್ತವವಾಗಿ ಜೇಮ್ಸ್ ಡೇವಿಡ್‌ಸನ್ ಎಂಬ ಅಧಿಕಾರಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಖಾನದೇಶದಲ್ಲಿ ಹಿಡಿದದ್ದು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಕ್ಕಿಗಳ ಬಗ್ಗೆ ೧೮೯೮ರಲ್ಲಿ ಲೇಖನ ಬರೆದವನೂ ಈ ಡೇವಿಡ್‌ಸನ್ನನೇ. ಸುಳ್ಳು ಚೀಟಿಯನ್ನು ಬದಿಗಿಟ್ಟು, ನಿಜವಾದ ಹಳೆಯ ಸಾಕ್ಷಿಗಳು ಹೇಳಿದ ಸೀಮೆಗೇ ಹೋಗಿ ಹುಡುಕಿದ ಪಮೇಲಾ ರಾಸ್ಮುಸೆನ್ ಮತ್ತು ಅವರ ಸಂಗಡಿಗರಿಗೆ ೧೯೯೭ರ ನವೆಂಬರಿನಲ್ಲಿ ಖಾನದೇಶದ ಶಹಾದೆಯ ಬಳಿ ಆ ಗೂಬೆಯು ಜೀವಂತವಾಗಿ ಸಿಕ್ಕಿತು. ೧೧೩ ವರುಷಗಳ ಮೇಲೆ! ಹೆಸರನ್ನು ಶುದ್ಧಿ ಮಾಡಿದ್ದರ ಫಲವೇ ಇದು.

ಇದು ಕಪಟದ ಕಥೆಯಾಯಿತು. ಕಪಟವಿಲ್ಲದೆಯೂ ಹೆಸರು ಹೇಗೆ ತೊಡಕಾಗುವುದೆಂಬುದನ್ನು ಧಾರವಾಡದ ಕಡೆಯ ಹೊಲದಿಲಿಗಳಿಂದ ತಿಳಿಯಬಹುದು. ೧೮೨೪ರಲ್ಲಿ ಕಿತ್ತೂರು ಚೆನ್ನಮ್ಮ ರಾಣಿಯವರ ಸೆರೆಯಲ್ಲಿದ್ದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಎಂಬವನು ಒಬ್ಬನು. ಅವನು ನಮ್ಮ ಶಾಸನಗಳನ್ನು ಸಂಗ್ರಹಿಸಿದಂತೆಯೇ ಪ್ರಾಣಿಗಳನ್ನೂ ಸಂಗ್ರಹಿಸಿ, ದಕ್ಷಿಣ ಮರಾಠಾ ಸೀಮೆಯ ಪ್ರಾಣಿಗಳ ಪಟ್ಟಿಯನ್ನು ೧೮೩೯ರಲ್ಲಿ ಅಚ್ಚು ಹಾಕಿಸಿದನು. ಅವನು ಕಳಿಸಿದ ಇಲಿಗಳಿಗೆ ಲಂಡನ್ನಿನ ಗ್ರೇ ಎಂಬ ವಿದ್ವಾಂಸನು ೧೮೩೭ರಲ್ಲಿ ಶಾಸ್ತ್ರೀಯ ನಾಮಗಳನ್ನಿಟ್ಟನು. ‘ಗೊಲುಂಡಾ’, ‘ಕೊಕ್’ ಎಂಬವು ಕನ್ನಡಿಗರ ಬಾಯಿಂದ ಹೋದ ಮಾತುಗಳು. ‘ಮೆಲ್ಟಾಡಾ’ ಎಂಬುದು ವಡ್ಡರ ಸಮುದಾಯದವರು ಆ ಇಲಿಯನ್ನು ಕರೆಯುತ್ತಿದ್ದ ಹೆಸರಿನ ರೂಪಾಂತರ. ಊರಿನವರ ಮಾತು ಲೋಕದ ಶಾಸ್ತ್ರವನ್ನು ಸೇರಿತು. ಆ ಮಾತನ್ನು ಹೇಳಿದ ಮನುಷ್ಯನ ಹೆಸರು ಮಾತ್ರ ಇಲಿಯೊಡನೆ ಹೋಗಲಿಲ್ಲ. ಉಳಿದದ್ದು ಎಲಿಯಟ್ಟನ ಹೆಸರು. ಅದಾದರೂ ನಿಸ್ಸಂದೇಹವಾಗಿ ಉಳಿಯಿತೇ? ಅಮೆರಿಕದಲ್ಲಿ ಡೇನಿಯಲ್ ಜಿರೋ ಎಲಿಯಟ್ ಎಂಬ ಬೇರೊಬ್ಬ ಪ್ರಾಣಿಶಾಸ್ತ್ರಜ್ಞನಿದ್ದನು. ಚೀನದ ಒಂದು ಕಾಡುಕೋಳಿಗೆ ಇರುವ ‘ಎಲಿಯಟಿ’ ಎಂಬ ಹೆಸರು ಅವನದು. ನಮ್ಮ ಹೊಲದಿಲಿಗೆ ಇರುವ ಅದೇ ‘ಎಲಿಯಟಿ’ ಎಂಬ ಹೆಸರು ವಾಲ್ಟರನದು. ಬರಿಯ ಉಪನಾಮವನ್ನು ನೋಡಿ ಕೂಡಿಸುವವನು ಇಬ್ಬರನ್ನೂ ಒಬ್ಬನನ್ನಾಗಿ ಮಾಡಿಬಿಡುವನು.

ನಮ್ಮ ಕಲಬುರಗಿಯು ನಿಜಾಮರ ಸಂಸ್ಥಾನದಲ್ಲಿದ್ದಾಗ, ೧೯೩೧-೩೨ರಲ್ಲಿ ಆ ಸಂಸ್ಥಾನದ ಹಕ್ಕಿಗಳ ಸರ್ವೆಯನ್ನು ಮಾಡಿದ ಸಾಲಿಂ ಅಲಿಯವರ ಸಂಗತಿಯೂ ಹಾಗೆಯೇ. ಅವರ ಪೂರ್ಣ ಹೆಸರು ಸಾಲಿಂ ಮೊಯಿಜುದ್ದೀನ್ ಅಬ್ದುಲ್ ಅಲಿ. ಅವರ ಬಂಧುಗಳಾದ ಹುಮಾಯೂನ್ ಅಬ್ದುಲಲಿಯವರೂ ಮುಂಬಯಿಯ ಅದೇ ನಿಸರ್ಗ ಸಂಘದಲ್ಲಿ ದುಡಿದ ದೊಡ್ಡ ಪಕ್ಷಿಶಾಸ್ತ್ರಜ್ಞರು. ಒಂದು ಚೀಟಿಯ ಮೇಲೆ ‘ಅಬ್ದುಲ್ ಅಲಿ’ ಎಂದಷ್ಟೇ ಇದ್ದರೆ ಯಾರದೆಂದು ಹೇಳಬೇಕು? ಇಷ್ಟು ಪ್ರಸಿದ್ಧರಾದವರ ವಿಷಯದಲ್ಲಿಯೇ ಹೀಗಾದರೆ, ಊರಿನ ಕುರಿಗಾಹಿಯ ಹೆಸರನ್ನು ಕಾಯುವವರು ಯಾರು?

ಲೋಕದ ವಿದ್ವಾಂಸರು ಈಗ ಇದಕ್ಕೆ ಉಪಾಯವನ್ನು ಕಂಡುಕೊಂಡಿರುವರು. ಹೆಸರು ಬದಲಾಗಬಹುದು, ಸಂಖ್ಯೆ ಬದಲಾಗದು ಎಂಬುದೇ ಅದರ ಮೂಲ. ೨೦೧೨ರಲ್ಲಿ ಆರಂಭವಾದ ಆರ್ಕಿಡ್ ಎಂಬ ಏರ್ಪಾಡಿನಲ್ಲಿ ಪ್ರತಿಯೊಬ್ಬ ಸಂಶೋಧಕನೂ ಹದಿನಾರು ಅಂಕೆಗಳ ಒಂದು ಸಂಖ್ಯೆಯನ್ನು ಪಡೆಯಬಹುದು. ಕೆನಡಾದ ಡೇವಿಡ್ ಶಾರ್ಟ್‌ಹೌಸ್ ಎಂಬವರು ೨೦೧೮ರಲ್ಲಿ ಆರಂಭಿಸಿದ ಬಯೋನೋಮಿಯಾ ಎಂಬ ಏರ್ಪಾಡಿನಲ್ಲಿ ಪ್ರಪಂಚದ ವಸ್ತುಸಂಗ್ರಹಾಲಯಗಳಲ್ಲಿರುವ ಸಸ್ಯಪ್ರಾಣಿಗಳನ್ನು, ಅವುಗಳನ್ನು ಸಂಗ್ರಹಿಸಿದ ಮತ್ತು ಗುರುತಿಸಿದ ಮನುಷ್ಯರಿಗೆ ಒಂದೊಂದಾಗಿ ಜೋಡಿಸುವರು. ಸತ್ತವರನ್ನೂ ಬಿಡುವುದಿಲ್ಲ. ೨೦೦೨ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಈಗ ನಮ್ಮ ದೇಶದಲ್ಲಿಯೂ ಹಬ್ಬಿರುವ ಈಬರ್ಡ್ ಎಂಬ ಪಕ್ಷಿದಾಖಲೆಯಲ್ಲಿ ನಾಲ್ವರು ಕೂಡಿ ನಡೆದು ಕಂಡ ಹಕ್ಕಿಗಳನ್ನು ಒಂದೇ ಗುಂಪಿನ ಪಟ್ಟಿಯೆಂದು ಕಟ್ಟಿಡುವರು. ಒಂದು ನವಿಲು ನಾಲ್ಕಾಗದಂತೆ ಇದು ತಡೆಯುವುದು.

ಆದರೆ ಈ ಯಂತ್ರಗಳೆಲ್ಲವೂ ಒಂದು ಕಡೆ ಸೋಲುವುವು. ನಾಲ್ಕನೆಯ ಸಾಲಿನ ದತ್ತಪ್ಪನೂ ಹತ್ತೊಂಬತ್ತನೆಯ ಸಾಲಿನ ದತ್ತಾತ್ರೇಯನೂ ಒಬ್ಬನೇ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತ ಗಣಕಯಂತ್ರವು ಅರಿಯಲಾರದು. ಊರಿನ ಗೌಡರು ಒಂದು ನಿಮಿಷದಲ್ಲಿ ಹೇಳಬಲ್ಲರು. ಹಾಗೆಯೇ ಎರಡು ಓಣಿಗಳ ಶರಣಪ್ಪಂದಿರು ಬೇರೆ ಬೇರೆ ಎಂಬುದೂ ಅವರಿಗೇ ಗೊತ್ತು. ಈ ತಿಳಿವಳಿಕೆಯು ಒಂದು ತಲೆಮಾರಿನದು. ಇಂದಿನ ಹಿರಿಯರು ಕಣ್ಮರೆಯಾದ ಮೇಲೆ ಯಾವ ಹಣಕ್ಕೂ ಅದು ದೊರೆಯದು. ಆದುದರಿಂದ ಈ ಕೆಳಗಿನ ಕ್ರಮಗಳನ್ನು ಕೈಕೊಳ್ಳಬೇಕೆಂದು ಸೂಚಿಸುವೆವು.

೧. ಮಾಹಿತಿ ಕೊಟ್ಟ ಪ್ರತಿಯೊಬ್ಬರ ಹೆಸರನ್ನೂ ನಮ್ಮ ಸೀಮೆಯ ವಾಡಿಕೆಯಂತೆ ‘ಇಂಥವರು, ತಂದೆ ಇಂಥವರು’ ಅಥವಾ ‘ಗಂಡ ಇಂಥವರು’ ಎಂದು ಬರೆದು, ಅಡ್ಡಹೆಸರು, ಊರು, ಓಣಿ, ತಾಲೂಕುಗಳನ್ನು ಸೇರಿಸತಕ್ಕದ್ದು. ವಿವಾಹಿತ ಸ್ತ್ರೀಯರಿಗೆ ತಂದೆಯ ಹೆಸರನ್ನೂ ತವರೂರನ್ನೂ ಕೂಡ ಬರೆಯುವುದು ಲೇಸು.

೨. ಒಬ್ಬೊಬ್ಬರಿಗೂ ಒಂದೊಂದು ಕ್ರಮಸಂಖ್ಯೆ ಕೊಟ್ಟು, ಅವರು ಹೇಳಿದ ಪ್ರತಿಯೊಂದು ಸಂಗತಿಯ ಮುಂದೆಯೂ ಆ ಸಂಖ್ಯೆಯನ್ನೇ ನಮೂದಿಸಬೇಕು. ಒಬ್ಬರು ತೀರಿಕೊಂಡ ಮೇಲೆ ಅವರ ಸಂಖ್ಯೆಯನ್ನು ಮಗನಿಗಾಗಲಿ ಬೇರೊಬ್ಬರಿಗಾಗಲಿ ಕೊಡಲಾಗದು.

೩. ಕಂಡವರು ಯಾರು, ಬರೆದವರು ಯಾರು, ಜಾತಿಯನ್ನು ಗುರುತಿಸಿದವರು ಯಾರು ಎಂಬ ಮೂರು ಅಂಕಣಗಳು ಬೇರೆ ಬೇರೆ ಇರಬೇಕು. ಮಾಸ್ತರರಿಗೂ ಹುಡುಗನಿಗೂ ಅವರವರ ಅಂಕಣದಲ್ಲಿ ಸಲ್ಲಬೇಕಾದ ಮರ್ಯಾದೆ ಸಲ್ಲುವುದು.

೪. ಹೆಸರು ಒಂದೇ ಎಂಬಷ್ಟರಿಂದಲೇ ಇಬ್ಬರನ್ನು ಕೂಡಿಸಬಾರದು. ತಂದೆಯ ಹೆಸರು, ಊರು, ಬದುಕಿದ್ದ ಕಾಲ ಇವು ಹೊಂದಬೇಕು. ತೀರಿಕೊಂಡ ಮೇಲಿನ ತಾರೀಖಿನಲ್ಲಿ ಅವರು ಹಕ್ಕಿ ಕಂಡಂತೆ ಬರೆದಿದ್ದರೆ ಅದು ಬೇರೆ ಮನುಷ್ಯನೆಂದೋ ತಾರೀಖು ತಪ್ಪೆಂದೋ ತಿಳಿಯಬೇಕು. ಸಂದೇಹವಿದ್ದಲ್ಲಿ ಬೇರೆ ಬೇರೆಯಾಗಿಯೇ ಬಿಟ್ಟು ‘ವಿಚಾರಿಸಬೇಕು’ ಎಂದು ಬರೆದಿಡಬೇಕು. ಯಾಕಂದರೆ ಬೇರೆಯಾಗಿರುವುದನ್ನು ನಾಳೆ ಕೂಡಿಸಬಹುದು. ಬೆರೆತ ಜೋಳ ಸಜ್ಜೆಗಳನ್ನು ಬೇರ್ಪಡಿಸುವುದು ಎಷ್ಟು ಕಷ್ಟವೆಂಬುದು ಒಕ್ಕಲಿಗರಿಗೆ ಗೊತ್ತು.

೫. ಹಳೆಯ ಬರೆಹವನ್ನು ಅಳಿಸಲಾಗದು. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ತಿದ್ದಿದವರ ರುಜುವನ್ನೂ ತಾರೀಖನ್ನೂ ಹಾಕಬೇಕು. ತಿದ್ದುಪಡಿಯೇ ತಪ್ಪಾಗಿದ್ದರೆ ಹಿಂದಕ್ಕೆ ಹೋಗಲು ದಾರಿ ಉಳಿದಿರಬೇಕು.

೬. ಆಧಾರ್ ಸಂಖ್ಯೆ, ಫೋನು ಸಂಖ್ಯೆಗಳನ್ನು ಎಲ್ಲರೂ ನೋಡುವ ಪುಸ್ತಕದಲ್ಲಿ ಬರೆಯಬಾರದು. ಗುರುತಿಗೆ ಮೇಲಿನ ವಿವರಗಳೇ ಸಾಕು. ತನ್ನ ಹೆಸರು ಹೊರಗೆ ಬರುವುದು ಬೇಡವೆನ್ನುವ ನಾಟಿವೈದ್ಯರಿದ್ದರೆ ಸಂಖ್ಯೆಯನ್ನು ಮಾತ್ರ ತೋರಿಸಿ, ಹೆಸರನ್ನು ಸಮಿತಿಯು ಗುಪ್ತವಾಗಿ ಕಾಯತಕ್ಕದ್ದು.

ಇದೆಲ್ಲ ವ್ಯರ್ಥ ಶ್ರಮವೆನ್ನುವವರೂ ಇರಬಹುದು. ಒಂದು ಗ್ರಾಮದ ಪುಸ್ತಕದಲ್ಲಿ ಹೆಸರಿಸಲ್ಪಟ್ಟ ಜನ ಸಾಮಾನ್ಯವಾಗಿ ಕೆಲವು ಹತ್ತುಗಳಷ್ಟೇ. ಊರನ್ನು ಬಲ್ಲ ಇಬ್ಬರು ಹಿರಿಯರೂ ಬರೆಯಬಲ್ಲ ಒಬ್ಬನೂ ಕೂಡಿ ಕುಳಿತರೆ ಎರಡು ಸಂಜೆಗಳಲ್ಲಿ ಮುಗಿಯುವ ಕೆಲಸ. ಇನ್ನು ಕೆಲವು ಜಮೀನುದಾರರು ‘ನಮ್ಮ ಹೊಲದಲ್ಲಿ ಕಂಡದ್ದು, ನಮ್ಮ ಹೆಸರಿನಲ್ಲಿಯೇ ಇರಲಿ’ ಎಂದು ಬಯಸುವುದುಂಟು. ಹೊಲವು ಅವರದೇ ಹೌದು. ಅದನ್ನು ಸ್ಥಳದ ಅಂಕಣದಲ್ಲಿ ಸರ್ವೆ ನಂಬರಿನೊಡನೆ ಬರೆಯಲಿ. ಕಂಡವನ ಕಣ್ಣು ಮಾತ್ರ ಕಂಡವನದೇ. ಆಳಿನ ಹೆಸರನ್ನು ಆಳಿನ ಹೆಸರಾಗಿ ಬರೆಯಿಸಿದ ಧಣಿಯ ದೊಡ್ಡತನವು ಕುಂದುವುದಿಲ್ಲವಷ್ಟೇ ಅಲ್ಲ, ಅವನ ಹೊಲದ ದಾಖಲೆಗೆ ಬೆಲೆಯೂ ಹೆಚ್ಚುವುದು.

ಮುಂಬರುವ ಗ್ರಾಮಸಭೆಯಲ್ಲಿ ಪಂಚಾಯಿತಿಯ ಅಧ್ಯಕ್ಷರು ಈ ಪುಸ್ತಕವನ್ನು ಕಪಾಟಿನಿಂದ ಹೊರಗೆ ತೆಗೆಯಿಸಿ, ಅದರಲ್ಲಿ ಬರೆದ ಮನುಷ್ಯರ ಹೆಸರುಗಳನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಬೇಕೆಂದು ಬೇಡಿಕೊಳ್ಳುವೆವು. ‘ಅದು ನಾನಲ್ಲ’ ಎನ್ನುವವನೂ, ‘ಅದನ್ನು ಹೇಳಿದವಳು ನಮ್ಮ ಅವ್ವ’ ಎನ್ನುವವನೂ ಆ ಸಭೆಯಲ್ಲಿಯೇ ಎದ್ದು ನಿಲ್ಲುವರು. ಅವರ ಮಾತನ್ನು ಅಲ್ಲಿಯೇ ಬರೆದುಕೊಳ್ಳಲಿ. ಗಾಣಗಾಪುರದ ಸೀಮೆಯ ಗೌಡರೂ ಜಮೀನುದಾರರೂ ಈ ಕೆಲಸದಲ್ಲಿ ಇತರ ತಾಲೂಕುಗಳಿಗೆ ಮೇಲ್ಪಂಕ್ತಿಯಾಗಲೆಂದು ಹಾರೈಸುವೆವು.